ಹೆಣ್ಣುಮಕ್ಕಳಿಗೆ ಘನಾಕೃತಿ ತಲೆಗೆ ಹತ್ತಲ್ವಾ? ಅನುಭವ ಇದ್ದವರು ಹೇಳಿ

ತುಮಕೂರಿನ ಅಮ್ಮ: ಮಗಳು ಹತ್ತನೇ ಕ್ಲಾಸು. ಬೀಜಗಣಿತ ನೀರು ಕುಡಿದಂತೆ. ಸಿಲಿಂಡರ್ ಮೇಲೆ ಅರ್ಧಗೋಳ ಕೂರಿಸಿದ ಲೆಕ್ಕ ಬಂದರೆ ಚಿತ್ರವನ್ನೇ ಬರೆಯಲಾರಳು. "ಹುಡುಗಿಯರಿಗೆ ಅದು ಕಣ್ಣಿಗೆ ಕಟ್ಟಲ್ಲ, ಕಾಮರ್ಸ್ ಕೊಡಿಸಿ" ಎಂದರು ಟ್ಯೂಷನ್ ಸರ್. ಅವಳಿಗೆ ಆರ್ಕಿಟೆಕ್ಚರ್ ಆಸೆ. ಏನು ಮಾಡಲಿ?

ಮೈಸೂರು ಮಲ್ಲಿಗೆ: ನಾಟಾ (ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ) ಕೋಚಿಂಗಿಗೆ 45,000 ಸುರಿದೆವು. ಮೇಲೆ ಜಿಎಸ್‌ಟಿ. ಬೆಂಗಳೂರಿನ ಪಿಜಿಗೆ ತಿಂಗಳಿಗೆ 9,000, ಊಟ ಬೇರೆ. ಮೌಂಟ್ ಬೋರ್ಡು, ಥರ್ಮಾಕೋಲು ಅಂತ 6,200. "ಮನಸ್ಸಿನಲ್ಲೇ ತಿರುಗಿಸಿ ನೋಡು" ಅನ್ನುವುದೇ ಪಾಠ. ಒಂದು ಮರದ ತುಂಡನ್ನೂ ಕೈಗೆ ಕೊಡಲಿಲ್ಲ. ಮಗಳು ಮಧ್ಯದಲ್ಲೇ ಬಿಟ್ಟಳು. ದುಡ್ಡು ವಾಪಸ್ ಇಲ್ಲವಂತೆ!

ಹುಬ್ಬಳ್ಳಿ ಮೆಕ್ಯಾನಿಕಲ್: ಕೋಚಿಂಗ್ ಯಾಕ್ರೀ ಬೇಕು? ನಾನು ಎಂಜಿನಿಯರಿಂಗ್ ಫಸ್ಟ್ ಇಯರ್‌ನಲ್ಲಿ ನಕ್ಷೆ ಬರೆಯುವ ವಿಷಯವಾದ ಗ್ರಾಫಿಕ್ಸ್‌ನಲ್ಲಿ ಫೇಲ್. ಹಾಸ್ಟೆಲ್‌ನಲ್ಲಿ ಬಟ್ಟೆ ಸೋಪನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸಿ, ಕೊಯ್ದ ಮುಖ ನೋಡಿ ಬರೆಯುತ್ತಿದ್ದೆ. ಮರುಪರೀಕ್ಷೆಯಲ್ಲಿ ಪಾಸು. ನನ್ನ ಜೊತೆ ಬ್ಯಾಕ್‌ಲಾಗ್ ಇದ್ದವರಲ್ಲಿ ಹುಡುಗರೇ ಜಾಸ್ತಿ, ಅವರಿಗೆ ಯಾರೂ ಕಾಮರ್ಸ್ ಓದು ಅನ್ನಲಿಲ್ಲ. ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಶೆರಿಲ್ ಸೋರ್ಬಿ ಕೂಡ ಗ್ರಾಫಿಕ್ಸ್‌ನಲ್ಲಿ ಒದ್ದಾಡಿದವರೇ. 1993ರಿಂದ ಇಂಥ ವಿದ್ಯಾರ್ಥಿಗಳಿಗೆಂದೇ ಕೋರ್ಸ್ ನಡೆಸಿದರು.

ನಿವೃತ್ತ ಗಣಿತ ಮೇಷ್ಟ್ರು: ಭಾವನೆ ಬಿಡಿ. ಬ್ಲಾಕ್ ಚಿತ್ರವನ್ನು ಮನಸ್ಸಿನಲ್ಲಿ ತಿರುಗಿಸುವ ಪರೀಕ್ಷೆಯಲ್ಲಿ ಹುಡುಗರ ಸರಾಸರಿ ಮುಂದೆ, ಇದು ಸುಳ್ಳಲ್ಲ. ನಾನು ಮಾತ್ರ ರಟ್ಟಿನಲ್ಲಿ ಶಂಕು ಮಾಡಿಸದೆ ಸೂತ್ರ ಬರೆಸಿದವನಲ್ಲ. ರಂಗೋಲಿ ಹಾಕುವ ಹುಡುಗಿಯರಿಗೆ ಬೇಗ ಬರುತ್ತದೆ.

ಪಿಎಚ್‌ಡಿ ಬೆಂಗಳೂರು: ಸರ್, ರಂಗೋಲಿ ನೆಲದ ಮೇಲಿನ ಚಪ್ಪಟೆ ಆಟ. ಅದಕ್ಕೂ ಘನಾಕೃತಿ ತಿರುಗಿಸುವುದಕ್ಕೂ ಏನು ಸಂಬಂಧ? ಕಾಗದ ಮಡಿಸುವಂಥ ಪರೀಕ್ಷೆಗಳಲ್ಲಿ ನೀವು ಹೇಳುವ ಅಂತರ ತೀರಾ ಕಡಿಮೆ. ಈಶಾನ್ಯ ಭಾರತದ್ದೊಂದು ಅಧ್ಯಯನ 2011ರಲ್ಲಿ ಬಂತು. ತುಂಡು ಜೋಡಿಸುವ ಒಗಟನ್ನು ಕಾರ್ಬಿ ಬುಡಕಟ್ಟಿನ ಹಳ್ಳಿಗಳಲ್ಲಿ ಗಂಡಸರು ಬೇಗ ಬಿಡಿಸಿದರು. ಆಸ್ತಿ ಹೆಣ್ಣುಮಕ್ಕಳಿಗೆ ಹೋಗುವ ಖಾಸಿಗಳಲ್ಲಿ ಆ ಅಂತರ ಕಾಣಲಿಲ್ಲ. ನನ್ನ ಅಣ್ಣನಿಗೆ ತುಂಡು ಜೋಡಿಸಿ ಆಡುವ ಮೆಕ್ಯಾನೋ ಸೆಟ್, ನನಗೆ ಅಡುಗೆ ಸೆಟ್. ಈಗಲೂ ಸಿಟ್ಟು ಬರುತ್ತದೆ.

ಮೇಷ್ಟ್ರು: ನನ್ನ ಅನುಭವದ ಮುಂದೆ ನಿಮ್ಮ ಒಗಟು ದೊಡ್ಡದಾ?

ಗೇಮರ್ ಅಪ್ಪ: 2007ರಲ್ಲಿ ಟೊರಾಂಟೊದಲ್ಲಿ 10 ಗಂಟೆ ಆಕ್ಷನ್ ಗೇಮ್ ಆಡಿಸಿದಾಗ ಮನಸ್ಸಿನಲ್ಲಿ ತಿರುಗಿಸುವ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಸುಧಾರಿಸಿದ್ದರು. ಅದನ್ನು ಓದಿ ಮಗಳಿಗೆ 78,000ದ ಲ್ಯಾಪ್‌ಟಾಪ್ ತಂದೆ. ಅದರಲ್ಲಿ ಸೀರಿಯಲ್ ನೋಡುತ್ತಾಳೆ. ಇಎಂಐ ಇನ್ನೂ ಮುಗಿದಿಲ್ಲ.

ಹುಬ್ಬಳ್ಳಿ ಮೆಕ್ಯಾನಿಕಲ್: 78,000? ಸೋಪು 10 ರೂಪಾಯಿ ಸರ್.

ಮೈಸೂರು ಮಲ್ಲಿಗೆ: ಎಲ್ಲರೂ ನಿಮ್ಮಷ್ಟು ಜಾಣರಲ್ಲ ಮೇಡಂ, ಸುಮ್ನೆ ಹೀಯಾಳಿಸಬೇಡಿ. ಕೋಚಿಂಗ್ ದುಡ್ಡಿಗೆ ಗ್ರಾಹಕರ ಕೋರ್ಟಿಗೆ ಹೋದವರು ಇಲ್ಲಿ ಯಾರಾದರೂ ಇದ್ದೀರಾ? ವಕೀಲರು ಎಷ್ಟು ಕೇಳುತ್ತಾರೆ?