ಬೆಳಗ್ಗೆ ಬರ್ತೀನಿ ಅಂತ ಹೋದ ಲಾರಿ ಬೆಳಗ್ಗೆ ಬರದಿದ್ದರೆ? ಕ್ಯಾಬಿನ್‌ನಲ್ಲಿ ಏನಿಟ್ಟು ಕಳಿಸಲಿ?

ಶ್ರೀನಿವಾಸಪುರದಾಕೆ:
ನಮ್ಮ ಮನೆಯವರು ಲಾರಿ ಡ್ರೈವರ್. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ತುಂಬಿಕೊಂಡು ಜಾಸ್ತಿ ಚೆನ್ನೈನ ಕೋಯಂಬೇಡು ಮಾರ್ಕೆಟ್‌ಗೆ, ಆಗಾಗ ಮಂಗಳೂರಿಗೆ ಹೋಗುತ್ತಾರೆ. ಈ ಸಲ ಮಂಗಳೂರಿಗೆ ಹೋದವರು ಶಿರಾಡಿ ಘಾಟ್ ಹತ್ತಿರ ಸಿಕ್ಕಿಕೊಂಡರು. ಮಳೆ, ರಸ್ತೆ ಬಂದ್. ಮೈಮೇಲಿನ ಬಟ್ಟೆ, ಒಂದು ಟವೆಲ್, ಅರ್ಧ ಬಾಟಲಿ ನೀರು, ಇದ್ದಿದ್ದು ಅಷ್ಟೇ. ಶುಗರ್ ಮಾತ್ರೆ ಮನೆಯಲ್ಲೇ, ಟಿವಿ ಪಕ್ಕ. ಒಂದು ಚೀಲ ಕಟ್ಟಿಕೊಡುತ್ತೇನೆ ಅಂದರೆ, "ಒಂದು ರಾತ್ರಿ ಲೈನಿಗೆ ಮನೆಯನ್ನೇ ಹೊತ್ಕೊಂಡು ಹೋಗ್ಲಾ?" ಅಂತ ನಗುತ್ತಾರೆ. ಲೈನಿನಲ್ಲಿರುವವರು ಹೇಳಿ, ಏನಿಡಲಿ?

ನಂಗಲಿ ಗಡಿಯವನು:
ಅಕ್ಕ, ಆ ಮಾತು ಹೇಳದ ಡ್ರೈವರ್ ಇಲ್ಲ. ಕೊಲ್ಕತ್ತಾ, ದೆಹಲಿ ಲೈನಿನವರನ್ನು ನೋಡಿ. ಸ್ಟೌವ್, ಅಕ್ಕಿ, ಈರುಳ್ಳಿ, ಕಂಬಳಿ ಎಲ್ಲ ಇರುತ್ತದೆ. ರಸ್ತೆ ಬಂದ್ ಆದರೆ ಅಲ್ಲೇ ಅನ್ನ ಬೇಯಿಸಿಕೊಂಡು ಇಸ್ಪೀಟ್ ಆಡುತ್ತಾರೆ. ಒದ್ದಾಡುವುದು ನಮ್ಮಂಥ ಹತ್ತಿರದ ಲೈನಿನವರು. ರಾತ್ರಿ ಹೊರಟು ಪಲಮನೇರು, ಚಿತ್ತೂರು, ರಾಣಿಪೇಟೆ ದಾಟಿ ಬೆಳಗಾಗುವಷ್ಟರಲ್ಲಿ ಮಾರ್ಕೆಟ್. ಮಧ್ಯಾಹ್ನ ಮನೆ ಊಟ ಅಂತ ಲೆಕ್ಕ ಹಾಕಿರುತ್ತೇವೆ. ಅನ್‌ಲೋಡಿಂಗ್ ತಡ, ರಿಟರ್ನ್ ಲೋಡ್ ಇಲ್ಲ, ಕ್ಲಚ್ ಪ್ಲೇಟ್ ಹೋಯಿತು, ಯಾವುದಾದರೂ ಒಂದು ಬರುತ್ತದೆ. ಮಂಗಳೂರು ಲೈನಂತೂ ಮಳೆಗಾಲದಲ್ಲಿ ಕೇಳಲೇಬೇಡಿ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಗುಡ್ಡ ಕುಸಿದು ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಸುತ್ತಿ ಹೋಗೋಣ ಅಂದರೆ ಚಾರ್ಮಾಡಿ ಘಾಟ್‌ನಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ.

ಚೀಲ ಕಟ್ಟಿ, ಆದರೆ ಪ್ರತಿ ಸಲ ಕೈಗೆ ಕೊಡಬೇಡಿ. ಲಾರಿಯಲ್ಲೇ, ಸೀಟಿನ ಹಿಂದೆ ಕಾಯಂ ಇರಲಿ. ಕೈಗೆ ಕೊಟ್ಟ ಚೀಲ ಒಂದು ದಿನ ಬಾಗಿಲ ಹತ್ತಿರ ಉಳಿಯುತ್ತದೆ, ಅವತ್ತೇ ಗುಡ್ಡ ಜಾರುತ್ತದೆ. ಓನರ್ ಗಾಡಿ ಬದಲಾಯಿಸಿದರೆ ಡಿಎಲ್ ಜೊತೆ ಚೀಲವನ್ನೂ ಇಳಿಸಿಕೊಳ್ಳಲಿ.

ಊಟಕ್ಕೆ ನನ್ನ ಮೊದಲ ಓಟು ರಾಗಿ ಹುರಿಹಿಟ್ಟಿಗೆ. ಒಲೆ ಬೇಡ, ನೀರಲ್ಲಿ ಕಲಸಿದರೆ ಸಾಕು. ಉಪ್ಪು ಹಾಕಿ ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಬಿಸ್ಕೆಟ್ ಬೇಡ, ಅದನ್ನು ಡ್ಯೂಟಿಯ ಮೊದಲ ಗಂಟೆಯಲ್ಲೇ ತಿಂದು ಮುಗಿಸುತ್ತೇವೆ. ಹುರಿಹಿಟ್ಟನ್ನು ಯಾರೂ ಸುಮ್ನೆ ಬಾಯಾಡಿಸುವುದಿಲ್ಲ, ಬೇಕಾದಾಗ ಇರುತ್ತದೆ! ಜೊತೆಗೆ ಹುರಿಗಡಲೆ, ಕಡಲೆಕಾಯಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಚಟ್ನಿಪುಡಿ. 10 ಲೀಟರಿನ ನೀರಿನ ಕ್ಯಾನ್ ಒಂದು. ಅದು ರೇಡಿಯೇಟರ್‌ಗೆ ಅಲ್ಲ ಅಂತ ಕ್ಲೀನರ್‌ಗೆ ಮೊದಲೇ ಹೇಳಿರಬೇಕು.

ಒಂದು ಜೊತೆ ಬಟ್ಟೆ, ದಪ್ಪ ಹೊದಿಕೆ. ಸಕಲೇಶಪುರದ ಕಡೆ ಮಳೆ ರಾತ್ರಿಯ ಚಳಿ ನಮ್ಮ ಕೋಲಾರದವರಿಗೆ ಗೊತ್ತಾಗುವುದಿಲ್ಲ. ಟಾರ್ಚು, ಸೊಳ್ಳೆ ಬತ್ತಿ. ಸಣ್ಣ ನೋಟುಗಳಲ್ಲಿ ನಗದು ದುಡ್ಡು, ಆರ್‌ಸಿ ಪೌಚ್‌ನಲ್ಲಿ ಬೇಡ, ಬೇರೆ ಕಡೆ. ಘಾಟ್‌ನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಫೋನ್‌ಪೇ ಇದ್ದು ಏನು ಮಾಡುವುದು? ಮನೆ ನಂಬರು, ಓನರ್ ನಂಬರು ಕಾಗದದಲ್ಲಿ ಬರೆದಿಡಿ. ಹೆದ್ದಾರಿ ಸಹಾಯಕ್ಕೆ 1033, ಅದನ್ನೂ ಬರೆಯಿರಿ.

ಸ್ಟೌವ್ ಇಟ್ಟರೆ ಒಂದು ಮಾತು. ಮಳೆ ಅಂತ ಗಾಜು ಏರಿಸಿಕೊಂಡು ಕ್ಯಾಬಿನ್ ಒಳಗೆ ಹಚ್ಚಬಾರದು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಈಗ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ನಮ್ಮ ಹಳೇ ಗಾಡಿಗಳಿಗೆ ಕಿಟಕಿಯೇ ಎಸಿ.

ಟೊಮೆಟೊ ಮಾತೂ ಬಂತು ಅನ್ನಿ. ಲಾರಿ ನಿಂತಾಗ ಟಾರ್ಪಾಲು ಪೂರ್ತಿ ಬಿಗಿದಿದ್ದರೆ ಒಳಗೆ ಕಾವು ಕೂತು ಹಣ್ಣು ಕೊಳೆಯುತ್ತದೆ. ಮಳೆ ಬಿಟ್ಟ ಹೊತ್ತಲ್ಲಿ ಪಕ್ಕ ಎತ್ತಿಕಟ್ಟಿ ಗಾಳಿ ಆಡಿಸಬೇಕು. ಇದನ್ನು ಪಾರ್ಟಿಯವರು, ಅಂದರೆ ಸರಕಿನವರು, ಗಂಟೆಗೊಮ್ಮೆ ಫೋನ್ ಮಾಡಿ ನೆನಪಿಸುತ್ತಾರೆ. ಡ್ರೈವರ್ ಊಟ ಆಯ್ತಾ ಅಂತ ಕೇಳಿದವರನ್ನು ನಾನು ನೋಡಿಲ್ಲ.

ಮೆಡಿಕಲ್ ಶಾಪ್, ಮುಳಬಾಗಿಲು:
ಮಾತ್ರೆ ಬಗ್ಗೆ ಮಾತ್ರ ಹೇಳುತ್ತೇನೆ. ಒಂದು ವಾರದ ಸ್ಟ್ರಿಪ್ ಆ ಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯ ಫೋಟೋ ಫೋನ್‌ನಲ್ಲಿರಲಿ. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ. ಕೆಲವು ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ತೀರಾ ಇಳಿಯುತ್ತದೆ. ಅವರದು ಆ ಜಾತಿಯ ಮಾತ್ರೆಯಾ, ಊಟ ಸಿಗದ ದಿನ ಏನು ಮಾಡಬೇಕು ಅಂತ ಡಾಕ್ಟರನ್ನು ಈಗಲೇ ಕೇಳಿಡಿ. ಕೈ ನಡುಗಿ ಬೆವರು ಬಂದರೆ ಗಾಡಿ ನಿಲ್ಲಿಸಿ ಸಕ್ಕರೆ ಅಥವಾ ಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕು. ಶುಗರ್ ಇದೆ ಅಂತ ಚೀಲದಿಂದ ಬೆಲ್ಲ ತೆಗೆಯಬೇಡಿ.

ಬುಕಿಂಗ್ ಆಫೀಸಿನವನು:
ಹೋಗುವಾಗ ತಲೆನೋವಿಲ್ಲ, ಹಸಿ ಟೊಮೆಟೊಗೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡಿಸುವ ಜಿಎಸ್‌ಟಿ ಚೀಟಿ) ಬೇಕಿಲ್ಲ. ಬರುವಾಗ ಟೈಲ್ಸೋ ಎಣ್ಣೆಯೋ ತುಂಬಿದರೆ ಬೇಕು. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಘಾಟ್‌ನಲ್ಲಿ ನಿಂತು ಅವಧಿ ಮುಗಿಯುವ ಹಾಗಿದ್ದರೆ, ಮುಗಿಯುವ ಮೊದಲಿನ 8 ಗಂಟೆ ಅಥವಾ ಮುಗಿದ ಮೇಲಿನ 8 ಗಂಟೆಯೊಳಗೆ ಟ್ರಾನ್ಸ್‌ಪೋರ್ಟ್‌ನವರು ಆನ್‌ಲೈನ್‌ನಲ್ಲಿ ವಿಸ್ತರಿಸಬಹುದು. ನೆಟ್‌ವರ್ಕ್ ಸಿಕ್ಕ ಕೂಡಲೇ ಮೊದಲ ಫೋನ್ ಆಫೀಸಿಗೆ ಮಾಡಲಿ.

ಶ್ರೀನಿವಾಸಪುರದಾಕೆ:
ಮೊದಲ ಫೋನ್ ಮನೆಗೆ, ಎರಡನೇದು ಆಫೀಸಿಗೆ! ಹುರಿಹಿಟ್ಟಿಗೆ ರಾಗಿ ನೆನೆಸಿದ್ದೇನೆ. ಇನ್ನೊಂದು ಕೇಳಬೇಕಿತ್ತು. ಹಾಗೆ ನಿಂತ ದಿನಗಳಿಗೆ ಬತ್ತಾ ಯಾರು ಕೊಡುತ್ತಾರೆ? ಇವರಿಗೆ ಒಂದು ದಿನದ್ದೇ ಸಿಕ್ಕಿದೆ.

ನಂಗಲಿ ಗಡಿಯವನು:
ಲೋಡ್ ಹತ್ತಿಸುವ ಮೊದಲೇ ಮಾತಾಡಿಕೊಂಡಿದ್ದರೆ ಮಾತ್ರ ಸಿಗುತ್ತದೆ ಅಕ್ಕ. ಅನ್‌ಲೋಡ್ ತಡವಾದರೆ ಪಾರ್ಟಿಯಿಂದ ಹಾಲ್ಟಿಂಗ್, ಅಂದರೆ ಗಾಡಿ ನಿಂತ ದಿನದ ದುಡ್ಡು, ಕೇಳಬಹುದು. ರಸ್ತೆ ಬಂದ್ ಆದರೆ "ನಮ್ಮ ತಪ್ಪಾ?" ಅನ್ನುತ್ತಾರೆ. ಆಗ ಓನರೇ ಕೊಡಬೇಕು. ದಿನಕ್ಕೆ ಇಷ್ಟು ಅಂತ ಓನರ್ ಕೈಲಿ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿಸಿಕೊಳ್ಳಲಿ, ವಾಯ್ಸ್ ಮೆಸೇಜ್ ಆದರೂ ಪರವಾಗಿಲ್ಲ. ನಿಂತ ಜಾಗದ ಫೋಟೋವನ್ನು ದಿನಕ್ಕೊಂದು ಕಳಿಸುತ್ತಿರಲಿ. ಈ ಸಲದ್ದನ್ನೂ ಬಿಡಬೇಡಿ, ಮುಂದಿನ ಲೋಡಿಗೆ ಕರೆದಾಗ ಕೇಳಲಿ. ಸೀಸನ್‌ನಲ್ಲಿ ಡ್ರೈವರ್ ಸಿಗುವುದು ಕಷ್ಟ, ಅದು ಓನರ್‌ಗೂ ಗೊತ್ತು.