ಅಪ್‌ಡೇಟ್: ನಮ್ ಡಿಸೋಜಾ ಸರ್‌ನೇಮ್ ಕಥೆ

ಹೋದ ತಿಂಗಳು ಕೇಳಿದ್ದೆ ನೆನಪಿದ್ಯಾ, ನಾವು ಮಂಗಳೂರಿನ ಕ್ಯಾಥೊಲಿಕ್‌ಗಳು, ಡಿಸೋಜಾ ಅಂತ ಸರ್‌ನೇಮ್, ಹಾಗಾದ್ರೆ ಪೋರ್ಚುಗೀಸ್ ರಕ್ತ ಇದ್ಯಾ ಅಂತ. ಡಿಎನ್‌ಎ ಟೆಸ್ಟ್ ರಿಸಲ್ಟ್ ಬಂತು, ಅಪ್ಪನ ಕಡೆ ಗೆರೆಯಲ್ಲಿ ಪೋರ್ಚುಗೀಸ್ ಸುಳಿವೇ ಇಲ್ಲ!

ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗೋದು, ಸರ್‌ನೇಮ್ ಥರಾನೇ, ಹೆಣ್ಣಾದ ನನ್ನಲ್ಲಿ ಅದು ಇರಲ್ಲ, ಅದಕ್ಕೆ ನನ್ನಿಂದಾಗಲ್ಲ ಅಂತ ತಮ್ಮನ ಕೈಲಿ ಎಂಜಲು ಕೊಡಿಸ್ದೆ (ಅರ್ಧ ಗಂಟೆ ಏನೂ ತಿನ್ಬೇಡ ಅಂದ್ರೆ ಮಹಾರಾಯ ಬನ್ಸ್ ಬಾಯಿಗೆ ಹಾಕ್ಕೊಂಡು ಕೂತಿದ್ದ). ಬಂದಿದ್ದು ಆರ್1ಎ (ಅಪ್ಪನ ಕಡೆ ಒಂದೇ ಮೂಲಪುರುಷನಿಂದ ಬಂದವರ ಗುಂಪಿಗೆ ಇಟ್ಟ ಹೆಸರು), ಅದ್ರಲ್ಲೂ ಜೆಡ್93 ಅನ್ನೋ ಏಷ್ಯಾ ಕಡೆ ಕವಲು. ಪೋರ್ಚುಗಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡಸರದ್ದು ಆರ್1ಬಿ ಅನ್ನೋ ಬೇರೆ ಗುಂಪು.

ಹಾಗಾದ್ರೆ ಹೆಸರು ಎಲ್ಲಿಂದ? ಸೋಜಾ ಅಂದ್ರೆ ಉತ್ತರ ಪೋರ್ಚುಗಲ್‌ನ ಒಂದು ನದಿ ಹೆಸರು ಅಂತೆ. 16ನೇ ಶತಮಾನದಲ್ಲಿ ಗೋವಾದಲ್ಲಿ ಜ್ಞಾನಸ್ನಾನ ಆಗಿ ಕ್ರಿಶ್ಚಿಯನ್ ಆದಾಗ ಪಾದ್ರಿದೋ ಪಕ್ಕದಲ್ಲಿ ಸಾಕ್ಷಿ ನಿಂತವರದ್ದೋ ಸರ್‌ನೇಮ್ ಕೊಡ್ತಿದ್ರು, ಒಂದೇ ಮನೆಯವ್ರಿಗೆ ಬೇರೆಬೇರೆ ಹೆಸರು ಬಂದಿದ್ದೂ ಉಂಟು. ಆಮೇಲೆ ಅಲ್ಲಿಂದ ಕೆನರಾಕ್ಕೆ ವಲಸೆ.

ಇಲ್ಲಿ ಯಾರೋ ಮತಾಂತರಕ್ಕೆ ಮುಂಚಿನ ಹಳೇ ಮನೆತನದ ಹೆಸರು ಮನೆಯಲ್ಲಿ ಕೇಳಿ ನೋಡಿ ಅಂದಿದ್ರಿ, ಥ್ಯಾಂಕ್ಸ್. ಅಜ್ಜಿ ಹತ್ರ ಕೇಳಿದ್ರೆ ಮೀನು ಕೊಯ್ತಾ ಕೊಯ್ತಾ ತಲೆ ಎತ್ತದೇ "ನಾವು ಪ್ರಭುಗಳಲ್ವಾ" ಅಂದ್ಬಿಟ್ರು, ಅಂದ್ರೆ ಪ್ರಭು ಅನ್ನೋ ಕೊಂಕಣಿ ಮನೆತನದವರು! ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂದ್ರೆ, ನೀವು ಕೇಳ್ಲೇ ಇಲ್ಲ ಅಂತೆ. ನನ್ನ ದುಡ್ಡು ಹೋಯ್ತು.

ಒಂದು ಮಾತು, ವೈ ಟೆಸ್ಟ್ ತೋರ್ಸೋದು ಅಪ್ಪನ ಅಪ್ಪನ ಅಪ್ಪ, ಆ ಒಂದೇ ಗೆರೆ. ಹತ್ತು ತಲೆಮಾರು ಹಿಂದೆ ಹೋದ್ರೆ 1024 ಜನ ಲೆಕ್ಕಕ್ಕೆ ಬರ್ತಾರೆ, ಅದ್ರಲ್ಲಿ ಒಬ್ಬರ ಕಥೆ ಅಷ್ಟೇ ಇದು. ಅಮ್ಮನ ಕಡೆ ಪಿಂಟೋಗಳು ಬಾಕಿ ಇದ್ದಾರೆ, ಮಾವನ್ನ ಒಪ್ಪಿಸ್ತಾ ಇದ್ದೀನಿ.