ವರ್ನನ್ ಡೇಮರ್ ಅವರ ಸ್ಮರಣೆಯಲ್ಲಿ ಅವರ ಅಂಗಡಿಗೆ ಯಾವ ಸ್ಥಾನ?

ಪ್ರಶ್ನೆ:
ಅಮೆರಿಕದ ಮಿಸಿಸಿಪಿ ರಾಜ್ಯದ ಹ್ಯಾಟೀಸ್‌ಬರ್ಗ್ ಸಮೀಪದಲ್ಲಿ ದಿನಸಿ ಅಂಗಡಿ, ಮರ ಕೊಯ್ಯುವ ಗಿರಣಿ ಮತ್ತು ಹತ್ತಿಯ ಬೇಸಾಯ ನಡೆಸುತ್ತಿದ್ದ, ಫಾರೆಸ್ಟ್ ಕೌಂಟಿಯ ಎನ್‌ಎಎಸಿಪಿ (ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆ) ಶಾಖೆಯ ಅಧ್ಯಕ್ಷರೂ ಆಗಿದ್ದ ವರ್ನನ್ ಡೇಮರ್ (1908–1966) ಅವರ ಬಗ್ಗೆ ಸ್ಮರಣ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನಾನು ಓದಿದ ಬರಹಗಳೆಲ್ಲ 1966ರ ಜನವರಿ 10ರ ನಸುಕಿನಲ್ಲಿ ಬಿಳಿಯರ ಮೇಲ್ಮೆಗಾಗಿ ಹಿಂಸೆಗಿಳಿದ ಗುಪ್ತ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನವರು ಅವರ ಮನೆಗೆ ಬೆಂಕಿಯಿಟ್ಟ ಘಟನೆಯಿಂದಲೇ ಶುರುವಾಗುತ್ತವೆ. ಐವತ್ತೇಳು ವರ್ಷ ದುಡಿದು ಬಾಳಿದವರನ್ನು ಒಂದು ರಾತ್ರಿಯ ಬೆಂಕಿಯ ಬೆಳಕಿನಲ್ಲಷ್ಟೇ ನೋಡುವುದು ನನಗೆ ಸರಿಯೆನಿಸುತ್ತಿಲ್ಲ. ಅವರ ವ್ಯಾಪಾರವನ್ನೂ ಹೋರಾಟವನ್ನೂ ಜೋಡಿಸಿ ಬರೆಯುವುದು ಹೇಗೆ?

ಉತ್ತರ 1:
ಅವೆರಡನ್ನೂ ನೀವು ಜೋಡಿಸಬೇಕಾಗಿಲ್ಲ, ಅವು ಬೇರೆಯಾಗಿರಲೇ ಇಲ್ಲ. ಆ ಕಾಲದ ಮಿಸಿಸಿಪಿಯಲ್ಲಿ ಗೇಣಿಗೆ ಉಳುವ ಕಪ್ಪು ರೈತನಾಗಲಿ, ಬಿಳಿಯರ ಮನೆಗೆಲಸದ ಹೆಂಗಸಾಗಲಿ, ಶಾಲೆಯ ಶಿಕ್ಷಕನಾಗಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದ ಸುದ್ದಿ ಹಬ್ಬಿದರೆ ಸಾಕು, ಕೆಲಸವೋ ಜಮೀನೋ ಕೈತಪ್ಪುವ ಭಯವಿತ್ತು. ಡೇಮರ್ ಅವರದು ಸ್ವಂತ ನೆಲ, ಸ್ವಂತ ಗಿರಣಿ, ಸ್ವಂತ ಗಲ್ಲಾಪೆಟ್ಟಿಗೆ. ಅವರ ಅನ್ನ ಯಾವ ಯಜಮಾನನ ಕೈಯಲ್ಲೂ ಇರಲಿಲ್ಲ. 1962ರಲ್ಲಿ ಮತದಾರರ ನೋಂದಣಿಗೆಂದು ಬಂದ ಹಾಲಿಸ್ ವಾಟ್ಕಿನ್ಸ್ ಮತ್ತು ಕರ್ಟಿಸ್ ಹೇಯ್ಸ್ ಎಂಬ ಇಬ್ಬರು ತರುಣರನ್ನು ಅವರು ತಮ್ಮ ಜಮೀನಿನಲ್ಲೇ ಇರಿಸಿಕೊಂಡು ನೋಡಿಕೊಳ್ಳಲು ಸಾಧ್ಯವಾದದ್ದು ಇದರಿಂದಲೇ. ಗಳಿಸಿದ ಸ್ವಾತಂತ್ರ್ಯವನ್ನು ತನ್ನ ಮನೆಯವರಿಗಷ್ಟೇ ಮೀಸಲಿಟ್ಟು ಸುಮ್ಮನಿರಬಹುದಾಗಿದ್ದ ಮನುಷ್ಯ ಅದನ್ನು ಊರಿನವರಿಗಾಗಿ ಖರ್ಚು ಮಾಡಿದರು ಎಂಬುದೇ, ನನ್ನ ಮಟ್ಟಿಗೆ, ಅವರ ಜೀವನದ ಮುಖ್ಯ ಸಂಗತಿ.

ಉತ್ತರ 2:
ಮೇಲಿನ ಮಾತಿಗೆ ತಲೆಗಂದಾಯದ, ಅಂದರೆ ಮತ ಹಾಕಬೇಕಾದರೆ ಕಟ್ಟಬೇಕಿದ್ದ ಕಂದಾಯದ, ವಿಷಯವನ್ನು ಸೇರಿಸುತ್ತೇನೆ. 1964ರಲ್ಲಿ ಜಾರಿಗೆ ಬಂದ, ಅಮೆರಿಕದ ಸಂವಿಧಾನದ 24ನೆಯ ತಿದ್ದುಪಡಿ ಈ ಕಂದಾಯವನ್ನು ರಾಷ್ಟ್ರಮಟ್ಟದ ಚುನಾವಣೆಗಳಿಗೆ ಮಾತ್ರ ರದ್ದುಗೊಳಿಸಿತ್ತು. ರಾಜ್ಯದ ಚುನಾವಣೆಯಲ್ಲಿ ಮತ ಹಾಕಲು ಮಿಸಿಸಿಪಿಯಲ್ಲಿ ಇನ್ನೂ 2 ಡಾಲರ್ ಕಟ್ಟಬೇಕಿತ್ತು. ಕೂಲಿಯವರಿಗೆ ಅದು ಸಣ್ಣ ಮೊತ್ತವಲ್ಲ, ಅದಕ್ಕಿಂತಲೂ ಹೆಚ್ಚಾಗಿ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವುದೇ ಅವರಿಗೆ ಅಂಜಿಕೆಯ ಕೆಲಸ. ಆದ್ದರಿಂದ ಕಂದಾಯವನ್ನು ತಮ್ಮ ಅಂಗಡಿಯಲ್ಲೇ ಕಟ್ಟಬಹುದು, ಕಟ್ಟಲಾಗದವರ ಪಾಲನ್ನು ತಾವೇ ಭರಿಸುವುದಾಗಿ ಡೇಮರ್ ರೇಡಿಯೋ ಮೂಲಕ ತಿಳಿಸಿದರು. ದಾಳಿ ನಡೆದದ್ದು ಅದರ ಬೆನ್ನಿಗೇ. 1966ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯ ಚುನಾವಣೆಗಳ ತಲೆಗಂದಾಯವೂ ಸಂವಿಧಾನಬಾಹಿರವೆಂದು ತೀರ್ಪು ನೀಡಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮತ ಹಾಕದವನು ಲೆಕ್ಕಕ್ಕಿಲ್ಲ ಎಂಬುದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತಿನ ಸಾರ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ನಮ್ಮ ಭಾಷೆಯಲ್ಲಿ ಅದಕ್ಕೆ ವಿವರಣೆಯೇ ಬೇಡ.

ಉತ್ತರ 3:
ಅಂಗಡಿಯ ಕಥೆ ಹೇಳುವ ಉತ್ಸಾಹದಲ್ಲಿ ಆ ರಾತ್ರಿಯನ್ನು ಬದಿಗೆ ಸರಿಸಬೇಡಿ ಎಂದು ವಿನಂತಿಸುತ್ತೇನೆ. ಹೆಂಡತಿ ಎಲೀ (Ellie) ಮತ್ತು ಮಕ್ಕಳು ಹಿಂಬದಿಯಿಂದ ಪಾರಾಗುವವರೆಗೂ ಅವರು ಉರಿಯುವ ಮನೆಯೊಳಗಿನಿಂದ ಗುಂಡು ಹಾರಿಸುತ್ತ ದಾಳಿಕೋರರನ್ನು ತಡೆದು ನಿಂತರು. ಬೆಂಕಿಯ ಹೊಗೆಯಿಂದ ಶ್ವಾಸಕೋಶ ಸುಟ್ಟು ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರ ನಾಲ್ವರು ಗಂಡುಮಕ್ಕಳು ದೇಶದ ಸೈನ್ಯದಲ್ಲಿದ್ದರು. ಸಮವಸ್ತ್ರದಲ್ಲೇ ಮರಳಿ ಬಂದು ಮನೆಯ ಬೂದಿಯ ನಡುವೆ ನಿಂತ ಅವರ ಛಾಯಾಚಿತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು. ದಾಳಿಗೆ ಆಜ್ಞೆಯಿತ್ತ ಕ್ಲಾನ್ ಮುಖ್ಯಸ್ಥ ಸ್ಯಾಮ್ ಬೋವರ್ಸ್‌ನ ವಿಚಾರಣೆಗಳು ತೀರ್ಪು ಕಾಣದೆ ಮುಗಿಯುತ್ತ ಬಂದು, ಕೊನೆಗೆ ಅವನಿಗೆ ಜೀವಾವಧಿ ಶಿಕ್ಷೆಯಾದದ್ದು 1998ರಲ್ಲಿ. ಅಷ್ಟು ವರ್ಷ ಬಿಡದೆ ಬೆನ್ನುಹತ್ತಿದ ಆ ಕುಟುಂಬವನ್ನು ಬಿಟ್ಟು ಬರೆದ ಸ್ಮರಣೆ ಅರ್ಧ ಸ್ಮರಣೆಯೇ.

ಇನ್ನೊಂದು ಮಾತು: ಅಂದು ಉರಿದದ್ದು ಮನೆ ಮಾತ್ರವಲ್ಲ, ಪಕ್ಕದ ಅಂಗಡಿಗೂ ಬೆಂಕಿ ಹಚ್ಚಿದ್ದರು. ಆ ಅಂಗಡಿ ಏನೆಂಬುದು ಕೊಲ್ಲಲು ಬಂದವರಿಗೆ ಚೆನ್ನಾಗಿಯೇ ತಿಳಿದಿತ್ತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಲೇಖನವನ್ನು ರೇಡಿಯೋ ಪ್ರಕಟಣೆಯಿಂದ ಆರಂಭಿಸುತ್ತೇನೆ. ಆ ರಾತ್ರಿ ಅದರ ಸ್ಥಾನದಲ್ಲಿ, ಪೂರ್ಣವಾಗಿ ಬರುತ್ತದೆ. ಎಲೀ ಡೇಮರ್ ಮುಂದೆ ಅದೇ ಫಾರೆಸ್ಟ್ ಕೌಂಟಿಯ ಚುನಾವಣಾ ಆಯುಕ್ತರಾಗಿ ಆಯ್ಕೆಯಾದರು ಎಂಬುದನ್ನೂ, 2020ರ ಜನವರಿಯಲ್ಲಿ ಹ್ಯಾಟೀಸ್‌ಬರ್ಗ್‌ನ ನ್ಯಾಯಾಲಯದ ಮುಂದೆ ಅವರ ಪತಿಯ ಪ್ರತಿಮೆ ಅನಾವರಣಗೊಂಡದ್ದನ್ನೂ ಕೊನೆಯ ಪುಟದಲ್ಲಿ ಬರೆಯುತ್ತೇನೆ.